ಗೇರುಬೀಜದ ಸಾಲಿನಲ್ಲಿ ಎರಡು ನಿಮಿಷದ ಫುಗಡಿ

ಮಿರ್ಜಾನದಿಂದ ಮೊದಲ ಬಸ್ಸು ಹಿಡಿದು ಬಂದ ಹೊನ್ನಮ್ಮ, ಸರಿಯಾಗಿ ಬೆಳಕು ಹರಿಯುವ ಮೊದಲೇ ಕುಮಟಾ ಹೊರವಲಯದ ಗೇರುಬೀಜದ ಕಾರ್ಖಾನೆಯಲ್ಲಿ ಗೋಣಿ ಹಾಸಿ ಕೂತಾಗಿದೆ. ಕೈಯಲ್ಲೊಂದು ಸಣ್ಣ ಚೂರಿ. ಒಣಗಿದ ಬೀಜದ ಕೆಂಪು ಸಿಪ್ಪೆಯನ್ನು ಅದರಿಂದ ಕೆರೆದು ಬೆರಳ ತುದಿಯಲ್ಲಿ ಬಿಡಿಸುತ್ತಾರೆ. ಬೀಜ ಇಡಿಯಾಗಿ ಉಳಿಯಬೇಕು. ಒಡೆದರೆ ತುಂಡಿನ ಬುಟ್ಟಿಗೆ, ಬೆಲೆ ಕಡಿಮೆ.

ಐವತ್ತನಾಲ್ಕರ ಈ ಹೆಂಗಸಿಗೆ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ದಿನಕ್ಕೆ ಎಂಟು ತಾಸು, ಹತ್ತು ಕಿಲೋ ಬೀಜ. "ಮಧ್ಯಾಹ್ನ ದಾಟ್ತು ಅಂದ್ರೆ ಕಾಲಿಗೆ ಜೋಮು. ಕುತ್ತಿಗೆ ಮರಗಟ್ತದೆ. ಬೆರಳು ನಮ್ಮ ಮಾತೇ ಕೇಳೂದಿಲ್ಲ, ಬೀಜ ಪಟಪಟ ಒಡೀತದೆ," ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಒಂದು ದಿನ ತಡೆಯಲಾಗದೆ ಎದ್ದು ನಿಂತರು. ಹೆಂಗಸರು ಸುತ್ತು ಸೇರಿ ಕುಣಿಯುವ ಫುಗಡಿಯ ನಾಲ್ಕು ಹೆಜ್ಜೆ ಹಾಕಿದರು. ಬಗ್ಗಿ, ಎದ್ದು, ಕೈ ಬೀಸಿ, ಎರಡೇ ನಿಮಿಷ. ಮೈ ಬಿಸಿಯಾಯಿತು, ಬೆರಳು ಸಡಿಲಾಯಿತು. ಮರುದಿನ ಪಕ್ಕದ ಸುಚಿತಾ ಎದ್ದಳು. ಆಮೇಲೆ ಇಡೀ ಸಾಲು.

ಸುಪರ್‌ವೈಸರ್ ಮಧುಸೂದನ ರೇಗಿದರು. "ಹೊನ್ನಮ್ಮಕ್ಕಾ, ಇದು ಕಾರ್ಖಾನೆಯಾ, ಯಕ್ಷಗಾನದ ಮೇಳವಾ?"

"ತಮಾ, ಒಂದು ವಾರ ನಮ್ಮ ಸಾಲು ಏಳ್ತದೆ, ಆಚೆ ಸಾಲು ಕೂತ್ಕಂಡೇ ಇರ್ಲಿ. ದಿನಾ ಸಂಜೆ ಎರಡೂ ಕಡೆ ತುಂಡು ತೂಗು. ನಮ್ದೇ ಹೆಚ್ಚಾದ್ರೆ ಮತ್ತೆ ನಾ ಕೆಲಸಕ್ಕೆ ಬರೂದಿಲ್ಲ."

ಹೊನ್ನಮ್ಮನ ಗಂಡನಿಲ್ಲದ ಮನೆ ನಡೆಯುವುದು ಇದೊಂದೇ ಕೆಲಸದಿಂದ. ಸುಚಿತಾ ಹಿಂದಿನಿಂದ ಅವರ ಸೆರಗು ಜಗ್ಗಿದಳಂತೆ. "ಎಂತ ಹೇಳ್ಬಿಟ್ರಿ ಅಕ್ಕಾ!"

ಮೊದಲೆರಡು ದಿನ ಹೊನ್ನಮ್ಮನ ಸಾಲಿನಲ್ಲೇ ತುಂಡು ಕಡಿಮೆ. ಮೂರನೇ ದಿನ ಪಂದ್ಯವೇ ಕೆಟ್ಟುಹೋಯಿತು. ಸುಮ್ಮನೆ ಕೂತು ನೋಡಿ ಸಾಕಾದ ಆಚೆ ಸಾಲಿನವರೂ ಎದ್ದು ಕುಣಿದೇಬಿಟ್ಟರು! ಸಂಜೆ ಅವರ ಬುಟ್ಟಿಯ ತುಂಡೂ ಇಳಿದಿತ್ತು. "ಇನ್ನು ಯಾರನ್ನ ಯಾರ ಎದುರು ತೂಗೂದು?" ಎಂದು ಗೊಣಗಿದ ಮಧುಸೂದನ ಪಂದ್ಯ ಕೈಬಿಟ್ಟರು. ಹೊನ್ನಮ್ಮನ ಗೋಣಿ ಇದ್ದಲ್ಲೇ ಉಳಿಯಿತು.

ಈಗ ದಿನಕ್ಕೆ ಮೂರು ಸಲ ಫುಗಡಿಗೆ ಗಂಟೆ ಹೊಡೆಯುವವರು ಮಧುಸೂದನರೇ. ನಾನು ಹೋದಾಗಲೂ ಸೊಂಟ ಹಿಡಿದುಕೊಂಡು ಕುರ್ಚಿಯಿಂದ ಎದ್ದರು, ಶೆಡ್ಡಿನ ಆ ತುದಿಯವರೆಗೆ ನಡೆದು ಹೊಡೆದರು. ಐವತ್ತು ಹೆಂಗಸರು ಸೆರಗು ಸಿಕ್ಕಿಸಿ ಎದ್ದರು.

ಗಂಟೆ ಅಷ್ಟು ದೂರ ಯಾಕೆ? ಕೇಳಿದರೆ ಹೊನ್ನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

"ಅಲ್ಲಿ ಕಟ್ಟು ಅಂದದ್ದು ನಾನೇ. ದಿನವಿಡೀ ಕುರ್ಚಿಲಿ ಕೂತು ಅವ್ನಿಗೂ ಸೊಂಟ ನೋವು, ಪಾಪ. ನಂದೊಂದೇ ಆಸೆ, ಆ ಗಂಟೆ ಇನ್ನೂ ಹತ್ತು ಹೆಜ್ಜೆ ಆಚೆ ಹೋಗ್ಬೇಕು."