ಮನೆಯಲ್ಲೇ ಕಾಸಿದ ಪಾನಕ
ಚಾಚಕ್ ಪೇಟೆಯ ಸ್ತೊಯಾಂಕಾ ಅತ್ತೆಗೆ ಅಂಗಡಿಯ ಹಣ್ಣಿನ ರಸದ ಡಬ್ಬ ಕಂಡರೆ ಮೈಯೆಲ್ಲ ಉರಿ. ಯಾರ ಬುಟ್ಟಿಯಲ್ಲಿ ಕಂಡರೂ ಎತ್ತಿಕೊಂಡು, ಕನ್ನಡಕ ಮೂಗಿಗೇರಿಸಿ, ಹಿಂಬದಿಯ ಸಣ್ಣಕ್ಷರ ಓದುತ್ತಾಳೆ. “ನೋಡೇ ಮಾರಾಯ್ತಿ, ನೂರು ಮಿಲಿಗೆ ಹನ್ನೊಂದು ಗ್ರಾಂ ಸಕ್ಕರೆ, ಹಣ್ಣು ಹೆಸರಿಗಷ್ಟೆ! ಮಕ್ಕಳಿಗೆ ವಿಷ ಕುಡಿಸ್ತೀಯಾ?” ಎಂದು ಎಳೇ ತಾಯಂದಿರನ್ನು ಅಂಗಡಿಯ ಸಾಲಿನಲ್ಲೇ ಅಳಿಸುತ್ತಾಳೆ. ಅವಳ ಮನೆಗೆ ಹೋದವರಿಗೆ ಮಾತ್ರ ಬೇಸಿಗೆಯಲ್ಲಿ ತಾನೇ ಕಾಸಿಟ್ಟ ಹುಳಿ ಚೆರ್ರಿ ಹಣ್ಣಿನ ಪಾನಕ. ಲೀಟರು ರಸಕ್ಕೆ ಕಿಲೋ ಸಕ್ಕರೆ ಸುರಿದದ್ದು, ಚಮಚ ನೆಟ್ಟಗೆ ನಿಲ್ಲುವಷ್ಟು ಮಂದ. “ಇದರಲ್ಲೂ ಸಕ್ಕರೆ ಇದೆಯಲ್ಲತ್ತೆ?” ಎಂದು ಯಾರಾದರೂ ಬಾಯಿಬಿಟ್ಟರೆ ಕೆಂಡವಾಗುತ್ತಾಳೆ: “ಇದು ಮನೇದು ಕಣೇ! ಮನೇಲಿ ಮಾಡಿದ್ದು ಯಾರಿಗಾದ್ರೂ ಕೆಡುಕು ಮಾಡತ್ತಾ?” ಸಕ್ಕರೆ ಕಾಯಿಲೆಯ ಗಂಡ ಮಿಲುತಿನ್ ಆಸ್ಪತ್ರೆಯಲ್ಲಿದ್ದಾಗಲೂ, ಅಲ್ಲಿಯ ಊಟ ಸಪ್ಪೆಯೆಂದು, ನರ್ಸಿನ ಕಣ್ಣು ತಪ್ಪಿಸಿ ಕೋಟಿನೊಳಗೆ ಇದೇ ಪಾನಕದ ಬಾಟಲಿ ಅಡಗಿಸಿ ಒಯ್ಯುತ್ತಿದ್ದಳು. ಈಗ ಆತ ಮನೆಗೆ ಬಂದಿದ್ದಾನೆ. ಬಾಗಿಲ ಬಳಿ, ಬಂದವರಿಗೆಂದು ಜೋಡಿಜೋಡಿಯಾಗಿ ಇಟ್ಟ ಮನೆಚಪ್ಪಲಿಗಳ ಕೊನೆಗೆ ಆತನದು ಒಂದೇ ಒಂದು, ಬಲಗಾಲಿನದು. ಅದರ ದೂಳು ಒರೆಸಿ ನೇರವಾಗಿಟ್ಟು, ಅವಳು ಆತನ ಲೋಟ ತುಂಬುತ್ತಾಳೆ. “ಕುಡಿ, ಮಾರಾಯ. ರಕ್ತ ಆಗತ್ತೆ.”