ಘಟಪ್ರಭೆಯ ಉಸುಕಿನಲ್ಲಿ ಹೀರೇಬಳ್ಳಿ

ನಾನು ಗುಡೂರಿನ ಕಡೆ ಎರೆಹೊಲ ನೋಡುತ್ತ ಬೆಳೆದವಳು. ಸೊಸೆಯಾಗಿ ಕಲಾದಗಿಗೆ ಬಂದಾಗ, ಬೇಸಾಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂಬ ಭ್ರಮೆಯೂ ನನ್ನ ಜೊತೆಗೇ ಬಂದಿತ್ತು.

ದೀಪಾವಳಿ ಮುಗಿದ ಮೇಲೆ ಘಟಪ್ರಭೆ ಇಳಿದು, ನಮ್ಮ ಹಿತ್ತಲಿನ ಕೆಳಗೆ ಉಸುಕಿನ ದಿಬ್ಬವೊಂದು ಎದ್ದಿತು. ಅಲ್ಲಿ ಕಾಯಿಪಲ್ಲೆ ಬೆಳೆಯುತ್ತೇನೆ ಎಂದೆ.

"ಉಸುಕಿನ್ಯಾಗ ಏನ್ ಬೆಳೀತೈತಿ? ಉಸುಕ," ಎಂದರು ಅತ್ತೆ.

ಬದನೆ ಸಸಿ ನೆಟ್ಟೆ. ಪಂಪಿನ ಹೆಸರೂ ಕೇಳದ ಕಾಲ. ನೀರೆಂದರೆ ಕೊಡ, ಕೊಡವೆಂದರೆ ನನ್ನ ಸೊಂಟ. ಸುರಿದದ್ದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ನಾಲ್ಕನೆಯ ದಿನ ಸಸಿಗಳು ತಲೆ ಬಾಗಿಸಿದವು.

"ಹೊಳಿ ನೀರು ತಂದು ಹೊಳಿಗೇ ಹಾಕಾಕತ್ತಿಯಲ್ಲ," ಎಂದು ಗಂಡ ನಕ್ಕ.

ಪಕ್ಕದ ದಿಬ್ಬದಲ್ಲಿ ಮುಸಲ್ಮಾನರ ಅಜ್ಜಿಯೊಬ್ಬರು ವರ್ಷವೂ ಕಲ್ಲಂಗಡಿ ಬೆಳೆಯುತ್ತಿದ್ದರು. ಐದನೆಯ ದಿನ ನನ್ನ ಬಳಿ ಬಂದರು.

"ನಾಕ್ ದಿನಾ ಆತು, ನೋಡಾಕತ್ತೇನಿ. ನೀ ಗಿಡಕ್ಕ ನೀರು ಹಾಕಾಕತ್ತಿಲ್ಲ, ಉಸುಕಿಗಿ ಹಾಕಾಕತ್ತಿ. ಅದರ ಹೊಟ್ಟಿ ಎಂದೂ ತುಂಬೂದಿಲ್ಲ."

"ಮತ್ತ ಮೊದಲ ದಿನಾನ ಯಾಕ ಹೇಳಲಿಲ್ರಿ?"

"ಹೇಳಿದ್ರ ಕೇಳ್ತಿದ್ದಿ ಏನು?"

ಕೊಡ ಕೆಳಗಿಟ್ಟು, ಈಗ ಏನು ಮಾಡಬೇಕೆಂದು ಕೇಳಿದೆ.

ಹಸಿ ಉಸುಕು ಕೈಗೆ ತಾಗುವವರೆಗೆ ಗುಂಡಿ ತೋಡಬೇಕು, ತಳಕ್ಕೆ ಕೆರೆಯ ಹೂಳು ಮತ್ತು ಹಳೆಯ ಕುರಿಗೊಬ್ಬರ ತುಂಬಬೇಕು, ಮೇಲೆ ಜೋಳದ ರವದಿ, ಅಂದರೆ ಒಣಗಿದ ಎಲೆ, ಹೊದಿಸಬೇಕು. ನೀರು ಕೊಡಗಟ್ಟಲೆ ಬೇಡ; ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು, ಅದೂ ಬುಡಕ್ಕೆ ಮಾತ್ರ. ಬದನೆ ಬಿಟ್ಟು ಹೀರೇಬೀಜ ಊರು ಎಂದರು.

ಗೊಬ್ಬರಕ್ಕಾಗಿ ಊರಾಚೆ ಬೀಡುಬಿಟ್ಟಿದ್ದ ಕುರಿಗಾರನನ್ನು ಕೇಳಿದೆ. ಹಿಂಡು ನೀರು ಕುಡಿಯಲು ಬಂದಾಗ ಬುಟ್ಟಿ ಎರಡು ಬುಟ್ಟಿ ಕೊಡುತ್ತೇನೆ ಎಂದ. ಆ ಹಿಂಡಿನ ಆಡೊಂದು, ಬೇಲಿಯ ಮೇಲೆ ಒಣಗುತ್ತಿದ್ದ ಅತ್ತೆಯ ಇಳಕಲ್ ಸೀರೆಯ ಸೆರಗನ್ನು ನಾಲ್ಕು ಬೆರಳಿನಷ್ಟು ತಿಂದುಬಿಟ್ಟಿತು. ನನ್ನ ತೋಟದ ಕಥೆ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಅತ್ತೆ ಹರಿದ ಸೆರಗು ಹಿಡಿದು ನೇರ ಕುರಿಗಾರನ ಮುಂದೆ ನಿಂತರು.

"ನಿನ್ನ ಆಡು ನನ್ನ ಸೀರಿ ತಿಂದೈತಿ. ಹೊಳ್ಳಿ ಕೊಡಾಕ ಆಗೂದಿಲ್ಲ, ಖರೆ. ಹಂಗಾರ ಹಟ್ಟಿಯೊಳಗಿನ ಹಳೆ ಗೊಬ್ಬರಾ ಎಲ್ಲಾ ನಮಗ ಹಾಕು."

ಪಾಪ, ಅವನು ಎರಡು ದಿನ ಗೊಬ್ಬರ ಹೊತ್ತ.

ಮೊಳಕೆ ಒಡೆದ ಮೇಲೆ ಒಂದೇ ಒಂದು ಬಳ್ಳಿ ಹಳದಿಗೆ ತಿರುಗಿತು. ಅಜ್ಜಿ ಬುಡ ಕೆದರಿ ನೋಡಿದರು.

"ಇದಕ್ಕ ಯಾರೋ ಭಾಳ ಪ್ರೀತಿ ಮಾಡ್ಯಾರ. ಗೊಬ್ಬರದ ಸಾರ ತೊಳದು ಕೆಳಗ ಹೋಗೇತಿ."

ಅತ್ತೆ ಹೊಳೆಯ ಆಚೆ ದಡ ನೋಡತೊಡಗಿದರು. ನಾನಿಲ್ಲದ ಹೊತ್ತಿನಲ್ಲಿ ಆ ಬಳ್ಳಿಗೆ ಅವರೂ ನೀರು ಹಾಕುತ್ತಿದ್ದುದು ಆಗ ತಿಳಿಯಿತು.

ಬೇಸಿಗೆಗೆ ಬಳ್ಳಿ ತುಂಬ ಕಾಯಿ. ಪಲ್ಲೆ, ಬಜ್ಜಿ, ಕೊನೆಗೆ ಸಿಪ್ಪೆಯ ಚಟ್ನಿ. ಬೇಸತ್ತ ಗಂಡ ಬಾದಾಮಿಯ ಸಂಬಂಧಿಕರ ಮನೆಗೆ ಹೋದರೆ, ಅಲ್ಲಿಯೂ ಹೀರೇಕಾಯಿಯನ್ನೇ ಬಡಿಸಿದರಂತೆ. ಹಿಂದಿನ ವಾರ ಬುಟ್ಟಿ ತುಂಬ ಕಳಿಸಿದವರು ಅತ್ತೆಯೇ.

ಮಳೆ ಬಂದು ಹೊಳೆ ದಿಬ್ಬವನ್ನು ನುಂಗುವ ಹೊತ್ತಿಗೆ ಅತ್ತೆ ಬೀಜ ಒಣಗಿಸಿ ಬೂದಿಯಲ್ಲಿ ಕಲಸಿ ಇಟ್ಟಾಗಿತ್ತು. ಮರುವರ್ಷ ದಿಬ್ಬ ಎದ್ದ ದಿನವೇ, ನಡುವಿನ ಒಳ್ಳೆಯ ಜಾಗಕ್ಕೆ ತಾವೇ ಕೋಲು ನೆಟ್ಟು, ಅಂಚಿನಲ್ಲಿ ನನಗೂ ಮೂರು ಗುಂಡಿಯಷ್ಟು ಜಾಗ ಬಿಟ್ಟುಕೊಟ್ಟರು.