ಕೃತಿಕಾಳ ಎರಡು ಹುಟ್ಟಿದ ದಿನಾಂಕ

ಅಜ್ಜಂಪುರದಲ್ಲಿ ಶಾಲಾ ವ್ಯಾನ್ ಓಡಿಸುವ ಸಿದ್ದಲಿಂಗೇಶ್ ಅವರ ಮಗಳು ಕೃತಿಕಾ ಐಸ್ ಹಾಕಿ ಆಡುತ್ತಾಳೆ ಎಂದರೆ ಊರವರಿಗೆ ನಗು ಬರುತ್ತಿತ್ತು. ನಮ್ಮ ಕಡೆ ಐಸ್ ಎಂದರೆ ಸೈಕಲ್ಲಿನ ಡಬ್ಬದಲ್ಲಿ ಬರುವ ಕ್ಯಾಂಡಿ, ಅಷ್ಟೆ.

ಅವಳು ಕಲಿತದ್ದು ಚಕ್ರದ ಸ್ಕೇಟ್‌ನಲ್ಲಿ, ಕಡೂರಿನ ಮಾರುಕಟ್ಟೆ ಯಾರ್ಡಿನ ಸಿಮೆಂಟು ನೆಲದ ಮೇಲೆ. ಪಿಯುಸಿ ಮುಗಿಯುತ್ತಲೇ ತಾಯಿ ವಿಮಲಮ್ಮ ಹಾಸಿಗೆ ಹಿಡಿದರು. ನಾಲ್ಕು ವರ್ಷ ಓದು ಬಿಟ್ಟು ಅವರ ಆರೈಕೆ ಮಾಡಿದಳು. ತಾಯಿ ತೀರಿಕೊಂಡ ಮೇಲೆ ಬೆಂಗಳೂರಿನ ಒಂದು ಮಹಿಳಾ ಕಾಲೇಜು ಸೇರಿ, ಅಲ್ಲಿನ ಐಸ್ ಹಾಕಿ ತಂಡದ ಗೋಲ್‌ಕೀಪರ್ ಆದಳು.

ಈ ಜನವರಿಯಲ್ಲಿ ಹಿಮಾಲಯದ ಒಂದು ಊರಿನಲ್ಲಿ ಕಾಲೇಜು ಹುಡುಗಿಯರ ರಾಷ್ಟ್ರೀಯ ಪಂದ್ಯಾವಳಿ. ಮೊದಲ ದಿನ ಹೆಪ್ಪುಗಟ್ಟಿದ ಮೈದಾನದಲ್ಲಿ ನಿಲ್ಲಲಾರದೆ ಬಿದ್ದ ಅವಳ ತಂಡದ ಹುಡುಗಿಯರು ಐದನೆಯ ದಿನ ಸೆಮಿಫೈನಲ್ ಗೆದ್ದರು. ಆ ಪಂದ್ಯದಲ್ಲಿ ಕೃತಿಕಾ ಮೂವತ್ತೊಂದು ಹೊಡೆತ ತಡೆದಳು. ಪಕ್ ಎಂಬ ಆ ರಬ್ಬರ್ ಬಿಲ್ಲೆ ಒಮ್ಮೆ ಕತ್ತಿನ ಬುಡಕ್ಕೇ ಬಡಿಯಿತು. ಕಣ್ಣು ಕತ್ತಲಿಟ್ಟರೂ ಅವಳು ಗೋಲು ಬಿಟ್ಟು ಸರಿಯಲಿಲ್ಲ.

ಫೈನಲ್‌ನ ಬೆಳಿಗ್ಗೆ, ಸೆಮಿಫೈನಲ್‌ನಲ್ಲಿ ಸೋತಿದ್ದ ತಂಡ ದೂರು ಕೊಟ್ಟಿತು. ಆಡುವವರಿಗೆ ಇಪ್ಪತ್ತೈದು ತುಂಬಿರಬಾರದು. ಆಧಾರ್ ಪ್ರಕಾರ ಕೃತಿಕಾಗೆ ಇಪ್ಪತ್ನಾಲ್ಕೂವರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರಕಾರ ಇಪ್ಪತ್ತೈದು ತುಂಬಿ ಎರಡು ತಿಂಗಳು. ಪಂದ್ಯಾವಳಿಯ ಸಮಿತಿಯವರು ಅಂಕಪಟ್ಟಿಯನ್ನೇ ನಂಬಿದರು. ಅವಳು ಆಡಿದ ಪಂದ್ಯಗಳೆಲ್ಲ ರದ್ದಾದವು. ಇಡೀ ತಂಡ ಹೊರಬಿತ್ತು.

ಅವಳು ಮನೆಗೆ ಫೋನ್ ಮಾಡಿದಳು.

"ಅಪ್ಪಾ, ನಾನು ಹುಟ್ಟಿದ್ದು ಯಾವಾಗ?"

"ಜುಲೈನಲ್ಲಿ ಕಣವ್ವ. ಸ್ಕೂಲಿಗೆ ಸೇರಿಸೋವಾಗ ವಯಸ್ಸು ಒಂದು ತಿಂಗ್ಳು ಕಮ್ಮಿ ಬಿತ್ತು. ಒಂದು ವರ್ಷ ಸುಮ್ನೆ ದಂಡ ಆಗುತ್ತಲ್ಲ ಅಂತ ಅದ್ರ ಹಿಂದಿನ ವರ್ಷದ ನವೆಂಬರ್ ಅಂತ ಬರೆಸ್ಬಿಟ್ಟೆ. ಆಗ ಎಲ್ರೂ ಹಂಗೇ ಮಾಡ್ತಿದ್ರು."

"ಹತ್ತು ಜನ ಹುಡುಗೀರು ಅಳ್ತಾ ಕೂತವ್ರೆ ಅಪ್ಪ."

ವಾಪಸು ಬರುವ ರೈಲಿನಲ್ಲಿ ಕ್ಯಾಪ್ಟನ್ ಪ್ರಿಯಾಂಕಾ ಒಬ್ಬಳೇ ಹತ್ತಿರ ಬಂದು, "ನಿನ್ನ ತಪ್ಪಲ್ಲ ಕಣೇ" ಎಂದಳು. ಹಾಗೆನ್ನುವಾಗ ಕೃತಿಕಾಳ ಮುಖ ನೋಡಲಿಲ್ಲ. ಪ್ರಿಯಾಂಕಾಗೂ ಅದು ಕಾಲೇಜಿನ ಕೊನೆಯ ವರ್ಷ.

ಕೃತಿಕಾ ಮತ್ತೆ ಬೆಂಗಳೂರಿಗೆ ಹೋಗಲಿಲ್ಲ. ಪರೀಕ್ಷೆಗೂ ಕೂರಲಿಲ್ಲ. ಮಾರ್ಚಿನಲ್ಲಿ ಸಿದ್ದಲಿಂಗೇಶ್ ಅವಳನ್ನು ಒತ್ತಾಯ ಮಾಡಿ ತರೀಕೆರೆಯ ವಕೀಲರೊಬ್ಬರ ಬಳಿ ಕರೆದೊಯ್ದರು. ವಕೀಲರು ಕಾಗದಗಳನ್ನೆಲ್ಲ ತಿರುವಿ ನೋಡಿ, ತಾರೀಖು ತಿದ್ದಿಸಲು ಕೋರ್ಟಿಗೇ ಹೋಗಬೇಕು, ಏನಿಲ್ಲವೆಂದರೂ ಒಂದೂವರೆ ವರ್ಷ ಹಿಡಿಯುತ್ತದೆ ಎಂದರು.

"ಅಷ್ಟೊತ್ತಿಗೆ ನಿಜವಾದ ಲೆಕ್ಕದಲ್ಲೂ ನನಗೆ ಇಪ್ಪತ್ತೈದು ದಾಟಿರುತ್ತೆ ಸರ್" ಎಂದಳು ಕೃತಿಕಾ.

"ಆದ್ರೂ ಕೇಸು ಹಾಕ್ಸಾಣ ಮಗ," ಎಂದರು ಅಪ್ಪ.

"ಯಾಕೆ?"

ಅವರು ಕೈಯಲ್ಲಿದ್ದ ಅಂಕಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ವಾಪಸು ಹೊರಟಾಗ ಅಜ್ಜಂಪುರದ ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಸಿದ್ದಲಿಂಗೇಶ್ ಕಿಟಕಿಯ ಪಕ್ಕದ ಸೀಟನ್ನು ಮಗಳಿಗೆಂದು ಬಿಟ್ಟು ಕೂತರು. ಕೃತಿಕಾ ಅವರನ್ನು ದಾಟಿ ಹೋಗಿ, ಹಿಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಳು.